ವಿಚಾರಣಾ ಪೀಠದಲ್ಲಿ ಕುಳಿತವರು ಯಾರು?

ಯಾವುದಾದರೊಂದು ಸಂಸ್ಥೆಯೊಳಗೆ ದೌರ್ಜನ್ಯ ನಡೆದಿದೆಯೆಂಬ ಸುದ್ದಿ ಹೊರಬಿದ್ದಾಗಲೆಲ್ಲ ನಮ್ಮಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. 'ಸ್ವತಂತ್ರ ವಿಚಾರಣೆಯಾಗಲಿ' ಎಂಬುದು ಜನರ ಬೇಡಿಕೆ. 'ವಿಚಾರಣೆಗೆ ಆದೇಶಿಸಲಾಗಿದೆ' ಎಂಬುದು ಸರಕಾರದ ಉತ್ತರ. ಅಲ್ಲಿಗೆ ಅರ್ಧ ಗದ್ದಲ ತಣ್ಣಗಾಗುತ್ತದೆ. ಕಟಕೋಳದ ಬಸ್ ನಿಲ್ದಾಣದಲ್ಲಿ ಪತ್ರಿಕೆ ಬಿಡಿಸಿ ಕುಳಿತವರಾಗಲಿ, ರಾಮದುರ್ಗದ ನ್ಯಾಯಾಲಯದ ಎದುರು ಚಹಾ ಕುಡಿಯುವವರಾಗಲಿ ಆಮೇಲೆ ಕೇಳುವುದು ಒಂದೇ: ವರದಿ ಯಾವಾಗ ಬರುತ್ತದೆ? ಆ ಪೀಠದಲ್ಲಿ ಕುಳಿತವರು ಯಾರು, ಆಪಾದನೆ ಹೊತ್ತ ಸಂಸ್ಥೆಗೂ ಅವರಿಗೂ ಇರುವ ನಂಟೇನು, ನೊಂದವರು ಅವರೆದುರು ಬಾಯಿ ಬಿಡಬಲ್ಲರೇ ಎಂದು ಕೇಳುವವರು ತೀರಾ ವಿರಳ. ಎಷ್ಟೋ ವಿಚಾರಣೆಗಳ ಹಣೆಬರಹ ವರದಿ ಬರೆಯುವಾಗ ನಿರ್ಧಾರವಾಗುವುದಿಲ್ಲ, ಅಧ್ಯಕ್ಷರ ಹೆಸರು ಪ್ರಕಟವಾದ ದಿನವೇ ನಿರ್ಧಾರವಾಗಿರುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ನ್ಯಾಯಮೂರ್ತಿ ಎ. ಜೆ. ಸದಾಶಿವ ಎಂದೊಡನೆ ಇಂದು ಹೆಚ್ಚಿನವರಿಗೆ ನೆನಪಾಗುವುದು 2012ರಲ್ಲಿ ಸಲ್ಲಿಕೆಯಾದ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ವರದಿ. ಅದಕ್ಕೂ ಮುಂಚೆ ಅವರು ಕೈಗೊಂಡ ಇನ್ನೊಂದು ಕೆಲಸವನ್ನು ಉತ್ತರ ಕರ್ನಾಟಕದ ನಾವು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೇವೆ. ಮಲೆ ಮಹದೇಶ್ವರ ಬೆಟ್ಟ ನಮ್ಮ ಕಡೆಯಿಂದ ರಾಜ್ಯದ ಇನ್ನೊಂದು ತುದಿ. ಅಲ್ಲಿನವರ ಗೋಳು ಇಲ್ಲಿಗೆ ಕೇಳಿಸದೆ ಇದ್ದುದರಲ್ಲಿ ಆಶ್ಚರ್ಯವೇನಿಲ್ಲ.

ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡು ಸರಕಾರಗಳು ವಿಶೇಷ ಕಾರ್ಯಪಡೆಗಳನ್ನು ಕಟ್ಟಿದ್ದವು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತ ನಂತರ ಕಾರ್ಯಾಚರಣೆ ಬಿರುಸುಗೊಂಡಿತು. ಅದರ ಬಿಸಿ ತಟ್ಟಿದ್ದು ಕಾಡಂಚಿನ ಬಡವರಿಗೆ: ಸೋಲಿಗರಿಗೆ, ತಮಿಳು ಮಾತಾಡುವ ರೈತರಿಗೆ, ದನ ಕಾಯುವವರಿಗೆ. ಅಕ್ರಮ ಬಂಧನ, ವಿದ್ಯುತ್ ಆಘಾತ, ಹೆಂಗಸರ ಮೇಲಿನ ಅತ್ಯಾಚಾರ, ನಕಲಿ ಎನ್‌ಕೌಂಟರ್‌ಗಳ ದೂರುಗಳು ವರ್ಷಗಟ್ಟಲೆ ಕೇಳಿಬಂದವು. ಬೆಟ್ಟದ ಮೇಲಿದ್ದ ಶಿಬಿರವೊಂದಕ್ಕೆ ಜನ 'ವರ್ಕ್‌ಶಾಪ್' ಎನ್ನುತ್ತಿದ್ದರು. ಅಲ್ಲಿ ದುರಸ್ತಿಯಾಗುತ್ತಿದ್ದುದು ವಾಹನಗಳಲ್ಲವೆಂಬುದು ಸುತ್ತಲಿನ ಊರುಗಳಿಗೆಲ್ಲ ತಿಳಿದಿತ್ತು. ನೂರಕ್ಕೂ ಹೆಚ್ಚು ಜನ ಟಾಡಾ ಕಾಯಿದೆಯಡಿ ಮೈಸೂರಿನ ಜೈಲಿನಲ್ಲಿ ಕೊಳೆತರು. 2001ರಲ್ಲಿ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಅವರಲ್ಲಿ ಹೆಚ್ಚಿನವರು ನಿರಪರಾಧಿಗಳಾಗಿ ಹೊರಬಂದರು. ಅಷ್ಟರಲ್ಲಿ ಎಂಟು ವರ್ಷಗಳ ಬದುಕು ಕಳೆದುಹೋಗಿತ್ತು.

ಈ ದೂರುಗಳ ವಿಚಾರಣೆಗಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ಇಬ್ಬರನ್ನು ನೇಮಿಸಿತು. ಒಬ್ಬರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸದಾಶಿವ, ಇನ್ನೊಬ್ಬರು ಸಿಬಿಐನ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್. ಈ ಜೋಡಿಯನ್ನು ಗಮನಿಸಬೇಕು. ನ್ಯಾಯಮೂರ್ತಿಗೆ ಸಾಕ್ಷ್ಯ ತೂಗುವುದು ಗೊತ್ತು, ಮಾಜಿ ಪೊಲೀಸ್ ಅಧಿಕಾರಿಗೆ ಠಾಣೆಯ ಡೈರಿ ಹೇಗೆ ಬರೆಯಲಾಗುತ್ತದೆ, ಹೇಗೆ ತಿದ್ದಲಾಗುತ್ತದೆ ಎಂಬುದು ಗೊತ್ತು. ಆದರೆ ಆ ಕಾರ್ಯಾಚರಣೆಯೊಂದಿಗೆ ಇಬ್ಬರಿಗೂ ನಂಟಿರಲಿಲ್ಲ. ಎರಡು ಸರಕಾರಗಳ ಪೊಲೀಸರ ಮೇಲಿನ ಆಪಾದನೆಯನ್ನು ಆ ಸರಕಾರಗಳ ಗೃಹ ಇಲಾಖೆಗಳು ವಿಚಾರಿಸಲಿಲ್ಲ, ಹೊರಗಿನ ಸಂಸ್ಥೆ ನೇಮಿಸಿದವರು ವಿಚಾರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಸಮಿತಿಯು ಗಡಿಯ ಎರಡೂ ಬದಿಗೆ, ಗೋಬಿಚೆಟ್ಟಿಪಾಳ್ಯಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ಹೋಗಿ ಕಲಾಪ ನಡೆಸಿತು. ಬಸ್ಸಿನ ಮುಖ ಕಾಣದ ಹಾಡಿಯ ಹೆಣ್ಣುಮಗಳೊಬ್ಬಳು ದಿಲ್ಲಿಗೋ ಬೆಂಗಳೂರಿಗೋ ಹೋಗಿ, ಸಮವಸ್ತ್ರದವರ ನಡುವೆ ನಿಂತು ತನ್ನ ಮೇಲಾದುದನ್ನು ಹೇಳಿಯಾಳೇ? ಪೀಠವೇ ಅವಳ ಕಡೆಗೆ ಹೋಗಬೇಕಿತ್ತು, ಹೋಯಿತು. ನ್ಯಾಯಾಲಯದ ತಡೆಯಾಜ್ಞೆಯಿಂದ ಕಲಾಪ ಕೆಲಕಾಲ ನಿಂತರೂ ಕೊನೆಗೆ 2003ರ ಡಿಸೆಂಬರ್‌ನಲ್ಲಿ ವರದಿ ಸಲ್ಲಿಕೆಯಾಯಿತು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ವೀರಪ್ಪನ್ ಕೊಂದ ಪೊಲೀಸರ ಗತಿಯೇನು? ಅವರಿಗೆ ಹೆಂಡಿರು ಮಕ್ಕಳಿರಲಿಲ್ಲವೇ? ಖಂಡಿತ ಇದ್ದರು. 1992ರ ಆಗಸ್ಟ್‌ನಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ಹತರಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ ಅವರನ್ನು ಈ ನಾಡು ಮರೆಯಬಾರದು. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್, ಟಾಡಾ ಕೈದಿಗಳ ಬಿಡುಗಡೆಗೆ ಬೇಡಿಕೆಯಿಟ್ಟ. ಸರಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ಹೊರಟಾಗ ಈ ವೃದ್ಧ ತಂದೆ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. ರಾಜ್ಯವಿಡೀ ಉದ್ವಿಗ್ನವಾಗಿದ್ದ ದಿನಗಳಲ್ಲಿ ಒಬ್ಬ ಮುಸ್ಲಿಮ್ ಹಿರಿಯರು ಜನಪ್ರವಾಹಕ್ಕೆ ಎದುರಾಗಿ ನಿಲ್ಲುವುದು ಸಣ್ಣ ಧೈರ್ಯದ ಕೆಲಸವಾಗಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ನ್ಯಾಯಾಲಯ ಅವರ ವಾದವನ್ನು ಎತ್ತಿಹಿಡಿಯಿತು. ದರೋಡೆಕೋರನ ಬೆದರಿಕೆಗೆ ಕಾನೂನು ಬಾಗಬಾರದೆಂದರು ಅಬ್ದುಲ್ ಕರೀಂ. ಲಾಠಿ ಹಿಡಿದವನಿಗೂ ಕಾನೂನು ಬಾಗಬಾರದೆಂದರು ಬೆಟ್ಟದ ಜನ. ಈ ಎರಡು ಮಾತುಗಳ ನಡುವೆ ಜಗಳವಿದೆಯೆಂದು ಹೇಳುವವರು ಎರಡನ್ನೂ ಅರ್ಥಮಾಡಿಕೊಂಡಿಲ್ಲ.

ಸದಾಶಿವ ಸಮಿತಿಯ ಕೆಲಸದ ಫಲವೇನು ಎಂದು ಕೇಳಿದರೆ ಉತ್ತರ ಮಿಶ್ರವಾಗಿದೆ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ. ತಮಿಳುನಾಡು ಸರಕಾರ ಕಾರ್ಯಪಡೆಯವರಿಗೆ ಬಡ್ತಿ, ನಗದು, ನಿವೇಶನ ಘೋಷಿಸಲು ತಡಮಾಡಲಿಲ್ಲ. ನೊಂದವರ ಸರದಿ ಬಂದದ್ದು 2007ರ ಜನವರಿಯಲ್ಲಿ. ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆಯೋಗದ ಅಧಿಕಾರ ಶಿಫಾರಸಿನದು, ಶಿಕ್ಷಿಸುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ಪರಿಹಾರ ಸಿಕ್ಕಿದರೂ ಹೊಣೆಗಾರಿಕೆ ಯಾರ ಹೆಗಲಿಗೂ ಏರಲಿಲ್ಲ. ಆದರೂ ಆ ಜನರ ಮಾತು ಸುಳ್ಳಲ್ಲವೆಂದು ಸರಕಾರಿ ಕಾಗದದ ಮೇಲೆ ಬರೆಯಲ್ಪಟ್ಟಿತಲ್ಲ, ಅದನ್ನು ಕಡಿಮೆಯೆಂದು ತಿಳಿಯಬಾರದು. ಅದೇ ಗಡಿನಾಡಿನ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರಲ್ಲಿ ನಡೆದ ದೌರ್ಜನ್ಯದ ಪ್ರಕರಣ ಸಿಬಿಐ ಕೈಗೆ ಹೋಯಿತು, ನ್ಯಾಯಾಲಯಕ್ಕೆ ಹೋಯಿತು, 2011ರಲ್ಲಿ 215 ಮಂದಿ ಅರಣ್ಯ, ಪೊಲೀಸ್, ಕಂದಾಯ ನೌಕರರಿಗೆ ಶಿಕ್ಷೆಯಾಯಿತು. ಮೇಲ್ಮನವಿಗಳನ್ನು 2023ರಲ್ಲಿ ವಜಾ ಮಾಡುವ ಮೊದಲು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಸ್ವತಃ ಆ ಹಳ್ಳಿಗೆ ಹೋಗಿ ನೋಡಿಬಂದಿದ್ದರು.

ಪೀಠದ ಆಯ್ಕೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಬ್ರಿಟನ್ನಿನ ಅನುಭವ ಕಣ್ಣು ತೆರೆಸುವಂಥದು. ಚರ್ಚುಗಳು, ವಸತಿ ಶಾಲೆಗಳು, ಅನಾಥಾಲಯಗಳು, ಸ್ಥಳೀಯ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ದಶಕಗಳ ಕಾಲ ನಡೆದ ಲೈಂಗಿಕ ದೌರ್ಜನ್ಯದ ವಿಚಾರಣೆಗೆ ಅಲ್ಲಿನ ಸರಕಾರ 2014ರ ಜುಲೈಯಲ್ಲಿ ಸಮಿತಿ ಘೋಷಿಸಿತು. ಮೊದಲ ಅಧ್ಯಕ್ಷೆ ಬಟ್ಲರ್ ಸ್ಲಾಸ್ ಹೆಸರಾಂತ ನಿವೃತ್ತ ನ್ಯಾಯಾಧೀಶೆ, ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ದೂರುಗಳು ಮೂಲೆಗುಂಪಾದವೆನ್ನಲಾದ 1980ರ ದಶಕದಲ್ಲಿ ಅವರ ಸಹೋದರ ದೇಶದ ಅಟಾರ್ನಿ ಜನರಲ್ ಆಗಿದ್ದರು. ಒಂದೇ ವಾರದಲ್ಲಿ ಅವರು ಹೊರನಡೆದರು. ಎರಡನೆಯವರು ಲಂಡನ್ನಿನ ಮೇಯರ್ ಗೌರವ ಹೊತ್ತಿದ್ದ ಫಿಯೋನಾ ವೂಲ್ಫ್. ಅಂದಿನ ಗೃಹ ಸಚಿವರಾಗಿದ್ದ ಲಿಯಾನ್ ಬ್ರಿಟನ್ ಜೊತೆ ಊಟದ ಮನೆಯ ಪರಿಚಯವಿತ್ತು. ಆ ಪರಿಚಯವನ್ನು ವಿವರಿಸುವ ಪತ್ರವನ್ನು ಏಳು ಬಾರಿ ತಿದ್ದಿ ಬರೆಯಲಾಗಿತ್ತೆಂದು ಬಯಲಾದಾಗ ಅಕ್ಟೋಬರ್ ಕೊನೆಗೆ ಅವರೂ ಹೋದರು. ಮೂರನೆಯವರು ಯಾವ ನಂಟೂ ಇರಬಾರದೆಂದು ನ್ಯೂಜಿಲೆಂಡಿನಿಂದ ಕರೆಸಿದ ನ್ಯಾಯಾಧೀಶೆ ಲೋವೆಲ್ ಗೊಡ್ಡಾರ್ಡ್, 2016ರ ಆಗಸ್ಟ್‌ನಲ್ಲಿ ರಾಜೀನಾಮೆ. ನಾಲ್ಕನೆಯವರಾಗಿ ಬಂದ ಅಲೆಕ್ಸಿಸ್ ಜೇ ನ್ಯಾಯಾಧೀಶೆಯೇ ಆಗಿರಲಿಲ್ಲ, ಸಮಾಜ ಕಾರ್ಯದ ಹಿನ್ನೆಲೆಯವರು. ಅದೇ ಕಾರಣಕ್ಕೆ ನೊಂದವರ ಒಂದು ದೊಡ್ಡ ಗುಂಪು ಅವರನ್ನು ಒಪ್ಪದೆ ವಿಚಾರಣೆಯಿಂದಲೇ ಹಿಂದೆ ಸರಿಯಿತು. ಆದರೂ ಅವರು ನಿಂತು ಕೆಲಸ ಮಾಡಿದರು. ಆರು ಸಾವಿರಕ್ಕೂ ಹೆಚ್ಚು ಮಂದಿ ಮುಂದೆ ಬಂದು ತಮ್ಮ ಅನುಭವ ಹೇಳಿಕೊಂಡರು. 2022ರ ಅಕ್ಟೋಬರ್‌ನಲ್ಲಿ ಅಂತಿಮ ವರದಿ ಹೊರಬಂತು.

ಮೊದಲಿನ ಇಬ್ಬರು ತಪ್ಪು ಮಾಡಿದವರೇನಲ್ಲ. ಆದರೆ ಬಾಲ್ಯದಲ್ಲಿ ದೊಡ್ಡವರಿಂದ ಮೋಸ ಹೋದವನಿಗೆ, ಆ ದೊಡ್ಡವರ ಸ್ನೇಹಿತರ ಮುಂದೆ ಇನ್ನೊಮ್ಮೆ ನಿಂತು ಹೇಳು ಎನ್ನುವುದು ಹೇಗೆ?

ಜೇ ಅವರ ಹೆಸರು ನಮಗೆ ಇನ್ನೊಂದು ಕಾರಣಕ್ಕಾಗಿಯೂ ತಿಳಿದಿರಬೇಕು. 2014ರಲ್ಲಿ ರಾದರ್‌ಹ್ಯಾಮ್ ಪಟ್ಟಣದ ಕುರಿತು ವರದಿ ಬರೆದವರು ಅವರೇ. 1997ರಿಂದ 2013ರ ವರೆಗೆ ಸುಮಾರು 1,400 ಮಕ್ಕಳು ಅಲ್ಲಿ ಲೈಂಗಿಕ ಶೋಷಣೆಗೆ ಬಲಿಯಾಗಿದ್ದರೆಂದು ಅವರು ಅಂದಾಜಿಸಿದರು. ಆಪಾದಿತರಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು. ಜನಾಂಗೀಯವಾದಿ ಎಂಬ ಹಣೆಪಟ್ಟಿಗೆ ಹೆದರಿ ಕೆಲವು ಅಧಿಕಾರಿಗಳು ಬಾಯಿ ಮುಚ್ಚಿಕೊಂಡರು, ಪೊಲೀಸರಂತೂ ಆ ಹೆಣ್ಣುಮಕ್ಕಳನ್ನು ನಂಬಲೇ ಇಲ್ಲ. ಈ ಪ್ರಕರಣವನ್ನು ಬಲಪಂಥೀಯರು ಇಡೀ ಸಮುದಾಯವನ್ನು ಹಳಿಯಲು ಬಳಸಿದರೆಂಬುದು ನಿಜ. ಅದನ್ನು ಖಂಡಿಸೋಣ. ಆದರೆ ಆ ಖಂಡನೆಯ ಮರೆಯಲ್ಲಿ 1,400 ಮಕ್ಕಳನ್ನು ಮರೆಯುವ ಹಕ್ಕು ನಮಗಿಲ್ಲ. ಅಲ್ಲೇ ಸಮೀಪದ ರಾಚ್‌ಡೇಲ್‌ನಲ್ಲಿ, ಹುಡುಗಿಯ ಮಾತು ನಂಬಲರ್ಹವಲ್ಲವೆಂದು ಮುಚ್ಚಲಾಗಿದ್ದ ಕಡತವನ್ನು ಮತ್ತೆ ತೆರೆದು 2012ರಲ್ಲಿ ಒಂಬತ್ತು ಮಂದಿಗೆ ಶಿಕ್ಷೆಯಾಗುವಂತೆ ಮಾಡಿದ ಮುಖ್ಯ ಸರಕಾರಿ ಅಭಿಯೋಜಕ ನಝೀರ್ ಅಫ್ಝಲ್, ಪಾಕಿಸ್ತಾನಿ ಮೂಲದ ಮುಸ್ಲಿಮ್ ಕುಟುಂಬದವರು. ಸಮುದಾಯದ ಮರ್ಯಾದೆ ಉಳಿಸಿದವರು ಅವರೇ ಹೊರತು ಸುಮ್ಮನಿದ್ದವರಲ್ಲ. ಆ ವಿಷಯ ಇಂದಿಗೂ ಮುಗಿದಿಲ್ಲ. 2025ರಲ್ಲಿ ಬ್ರಿಟಿಷ್ ಸರಕಾರ ಹೊಸ ವಿಚಾರಣೆ ಘೋಷಿಸಿದಾಗ, ಅಧ್ಯಕ್ಷ ಸ್ಥಾನಕ್ಕೆ ಕೇಳಿಬಂದ ಇಬ್ಬರಲ್ಲಿ ಒಬ್ಬರು ಸಮಾಜ ಕಾರ್ಯದಿಂದ, ಇನ್ನೊಬ್ಬರು ಪೊಲೀಸ್ ಇಲಾಖೆಯಿಂದ ಬಂದವರೆಂದು ನೊಂದ ಮಹಿಳೆಯರು ಆಕ್ಷೇಪಿಸಿದರು. ತಮ್ಮನ್ನು ಕೈಬಿಟ್ಟದ್ದು ಅವೇ ಎರಡು ಇಲಾಖೆಗಳೆಂಬುದು ಅವರ ವಾದ. ಇಬ್ಬರೂ ಹಿಂದೆ ಸರಿದರು.

ನೆರೆಯ ಕೇರಳದಲ್ಲಿ ಚಿತ್ರರಂಗದ ಮಹಿಳೆಯರ ಸ್ಥಿತಿಗತಿಯನ್ನು ಪರಿಶೀಲಿಸಲು 2017ರಲ್ಲಿ ನೇಮಕವಾದ ನ್ಯಾಯಮೂರ್ತಿ ಹೇಮಾ ಸಮಿತಿಯ ಮೂವರೂ ಮಹಿಳೆಯರು. ಆದ್ದರಿಂದಲೇ ನಟಿಯರು ಮಾತಾಡಿದರು. 2019ರ ಕೊನೆಯ ದಿನ ವರದಿ ಸರಕಾರದ ಕೈ ಸೇರಿತು. ಅದರ ಕೆಲವು ಭಾಗ ಮುಚ್ಚಿ ಉಳಿದುದು ಜನರ ಕೈ ಸೇರಿದ್ದು 2024ರ ಆಗಸ್ಟ್‌ನಲ್ಲಿ. ಪೀಠ ಒಳ್ಳೆಯದಿದ್ದರೂ ವರದಿ ಪ್ರಕಟಿಸುವ ಅಧಿಕಾರ ಅದಕ್ಕಿರದಿದ್ದರೆ ಹೀಗಾಗುತ್ತದೆ.

ಸರಕಾರಗಳನ್ನು ಪ್ರಶ್ನಿಸುವ ನಾವು ನಮ್ಮ ಮನೆಯಂಗಳದತ್ತಲೂ ನೋಡಬೇಕಲ್ಲವೇ? ನಮ್ಮ ಪಟ್ಟಣಗಳಲ್ಲಿ ಅಂಜುಮನ್‌ಗಳಿವೆ, ಮದ್ರಸಗಳಿವೆ, ಯತೀಮ್‌ಖಾನೆಗಳಿವೆ, ಶಾಲೆ ಮತ್ತು ಹಾಸ್ಟೆಲುಗಳಿವೆ. ಅವುಗಳಲ್ಲಿ ಮಗುವೊಂದು ದೂರು ಹೇಳಿದರೆ ಸಾಮಾನ್ಯವಾಗಿ ಏನಾಗುತ್ತದೆ? ಕಮಿಟಿಯವರು ಸೇರುತ್ತಾರೆ. ಕಮಿಟಿಯ ಮೂವರೇ 'ವಿಚಾರಣಾ ಸಮಿತಿ'ಯಾಗುತ್ತಾರೆ. ಆಪಾದನೆ ಹೊತ್ತವರನ್ನು ನೇಮಿಸಿದವರು ಅವರೇ, ಸಂಬಳ ಕೊಡುವವರು ಅವರೇ, ಒಮ್ಮೊಮ್ಮೆ ಬೀಗರೂ ಅವರೇ. ಹುಡುಗನ ತಂದೆ ಹಮಾಲಿಯೋ ಗೌಂಡಿಯೋ ಆಗಿದ್ದರೆ 'ಊರಿಗೆ ಕೆಟ್ಟ ಹೆಸರು ಬರುತ್ತದೆ, ಬಿಟ್ಟುಬಿಡಿ' ಎಂಬ ಬುದ್ಧಿವಾದ. ಆಪಾದಿತರು ರಾತ್ರೋರಾತ್ರಿ ಬೇರೆ ಊರಿಗೆ ವರ್ಗ. ಅಲ್ಲಿ ಬೇರೆ ಮಕ್ಕಳು. ಸ್ವತಃ ತಮ್ಮ ವಿರುದ್ಧ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದಲ್ಲಿ ಆದೇಶ ಪಡೆದ ಸಮುದಾಯವಿದು. ಪ್ರತಿಷ್ಠಿತ ಮಖ್‌ಝೂಮ್ ಕುಲದ ಮಹಿಳೆಯ ಪರವಾಗಿ ತಮ್ಮ ಪ್ರೀತಿಪಾತ್ರ ಉಸಾಮರು ತಂದ ಶಿಫಾರಸನ್ನೇ ಪ್ರವಾದಿಯವರು(ಸ) ತಿರಸ್ಕರಿಸಿದ ಘಟನೆಯನ್ನು ನಾವು ಮಿಂಬರಿನಿಂದ ಎಷ್ಟು ಬಾರಿ ಕೇಳಿಲ್ಲ?

ಇದು ಕೇವಲ ನೈತಿಕತೆಯ ಪ್ರಶ್ನೆಯಾಗಿಯೂ ಉಳಿದಿಲ್ಲ. ದೌರ್ಜನ್ಯ ತಿಳಿದವರು ವರದಿ ಮಾಡುವುದನ್ನು ಕಡ್ಡಾಯಗೊಳಿಸಬೇಕೆಂದು ಬ್ರಿಟನ್ನಿನ ವಿಚಾರಣೆ 2022ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲಿ ಆ ಕಾನೂನು 2012ರಿಂದಲೇ ಇದೆ. ಪೋಕ್ಸೊ ಕಾಯಿದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 21ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕೆಂದೂ ಕಾಯಿದೆ ಹೇಳುತ್ತದೆ. ಬೆಟ್ಟಕ್ಕೆ ಹೋದ ಸಮಿತಿ ಮಾಡಿದ್ದೂ ಒಂದರ್ಥದಲ್ಲಿ ಇದನ್ನೇ. ಹೆಣ್ಣುಮಕ್ಕಳು ದುಡಿಯುವ ಸಂಸ್ಥೆಯಲ್ಲಿ ಹತ್ತು ನೌಕರರಿದ್ದರೆ 2013ರ ಕಾಯಿದೆಯಂತೆ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷತೆ ಮಹಿಳೆಯದು, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರಂತೂ ಕಡ್ಡಾಯವಾಗಿ ಹೊರಗಿನವರು. ನಮ್ಮ ಎಷ್ಟು ಶಾಲೆಗಳ ಫಲಕದಲ್ಲಿ ಈ ಸಮಿತಿಯ ಹೆಸರುಗಳಿವೆ?

ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ತಾಲೂಕುಗಳ ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿ. ದೂರು ಬಂದೊಡನೆ ಪೊಲೀಸರಿಗೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸುವವರು ಯಾರು ಎಂದು ಹೆಸರು ಹಿಡಿದು ನಿರ್ಧರಿಸಲಿ. ಸಂಸ್ಥೆಯೊಂದಿಗೆ ಯಾವ ವ್ಯವಹಾರವೂ ಇಲ್ಲದ ಒಬ್ಬ ವಕೀಲರು, ಒಬ್ಬ ವೈದ್ಯೆ, ಒಬ್ಬ ನಿವೃತ್ತ ಶಿಕ್ಷಕಿ ಹಾಸ್ಟೆಲಿಗೆ ಹೇಳದೆ ಕೇಳದೆ ಬಂದು ಮಕ್ಕಳೊಂದಿಗೆ ಮಾತಾಡುವ ಏರ್ಪಾಡಾಗಲಿ. ಅವರು ನಮ್ಮ ಸಮುದಾಯದವರೇ ಆಗಬೇಕೆಂದಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಕಚೇರಿಯೊಳಗಲ್ಲ, ಮಕ್ಕಳು ಮಲಗುವ ಕೋಣೆಯ ಗೋಡೆಯ ಮೇಲೆ ಕನ್ನಡ ಮತ್ತು ಉರ್ದುವಿನಲ್ಲಿ ಬರೆಸಲಿ.