ಹಳೆಯ ಟಿಲ್ಲರ್ ಮಾರುವ ಮುನ್ನ ಒಮ್ಮೆ ಬಿಚ್ಚಿ ನೋಡಿ



ಮುಂಗಾರು ಹತ್ತಿರವಾದಂತೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಪ್ರತಿ ವರ್ಷ ಒಂದು ಮಾತು ಬರುತ್ತದೆ: "ಟಿಲ್ಲರ್ ಎಳೀತಾ ಇಲ್ಲ, ಕೊಟ್ಟು ಹೊಸದು ತಗೊಳ್ಳೋಣ ಅಂತಿದೀನಿ." ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಆದರೆ ರೋಟರಿ ಮಣ್ಣಿಗೆ ಇಳಿದ ಕೂಡಲೇ, ಇಲ್ಲವೇ ಟ್ರೈಲರಿನಲ್ಲಿ ಹುಲ್ಲು ಹೇರಿಕೊಂಡು ಏರು ಹತ್ತುವಾಗ ಚಕ್ರ ನಿಂತುಬಿಡುತ್ತದೆ. ಇಂಥ ಗಾಡಿಯನ್ನು ಗುಜರಿ ಬೆಲೆಗೆ ಕೊಟ್ಟು ಹೊಸ ಸಾಲಕ್ಕೆ ಸಹಿ ಹಾಕಿದವರು ನಮ್ಮ ನಡುವೆ ಇದ್ದಾರೆ. ಆ ಸಾಲದ ಕಂತು ಹೋಗುವುದು ಹಾಲಿನ ಬಟವಾಡೆಯಿಂದಲೇ. ಹಿಂಡಿ, ಬೂಸಾ, ಖನಿಜ ಮಿಶ್ರಣಕ್ಕೆ ಇಟ್ಟ ಹಣ ಕಂತಿಗೆ ಹೋದರೆ ಹಸುವಿನ ಹಾಲೂ ಇಳಿಯುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಬಿಚ್ಚಿ ನೋಡದೆ ಯಾರೂ ಟಿಲ್ಲರ್ ಮಾರಬಾರದು. ಬಿಚ್ಚಿ ನೋಡಿಸುವ ವ್ಯವಸ್ಥೆಯನ್ನು ನಮ್ಮ ಸಂಘಗಳೇ ಮಾಡಬೇಕು.

ಹಾಲು ಇಳಿದ ಹಸುವನ್ನು ನಾವು ಅದೇ ದಿನ ಸಂತೆಗೆ ಹೊಡೆಯುವುದಿಲ್ಲ. ಕೆಚ್ಚಲು ಮುಟ್ಟಿ ಬಾವು ಇದೆಯೇ ಎಂದು ನೋಡುತ್ತೇವೆ, ಮೇವು ಬದಲಾಯಿತೇ ಎಂದು ಯೋಚಿಸುತ್ತೇವೆ, ಡಾಕ್ಟರನ್ನು ಕರೆಸುತ್ತೇವೆ. ಟಿಲ್ಲರಿಗೆ ಮಾತ್ರ ಈ ತಾಳ್ಮೆ ತೋರಿಸುವುದಿಲ್ಲ.

ಶಕ್ತಿ ಇಂಜಿನ್‌ನಿಂದ ಚಕ್ರಕ್ಕೆ ಹೋಗುವ ದಾರಿ ತಿಳಿದರೆ ಅರ್ಧ ಭಯ ಹೋಗುತ್ತದೆ. ನಮ್ಮ ಕಡೆ ಹೆಚ್ಚಾಗಿ ಇರುವ ಟಿಲ್ಲರುಗಳಲ್ಲಿ ಇಂಜಿನ್ ಪುಲ್ಲಿಯಿಂದ ವಿ-ಬೆಲ್ಟುಗಳು ಮುಖ್ಯ ಕ್ಲಚ್ಚನ್ನು ತಿರುಗಿಸುತ್ತವೆ. ಅಲ್ಲಿಂದ ಗೇರ್ ಬಾಕ್ಸ್, ಆಮೇಲೆ ಎಡಕ್ಕೊಂದು ಬಲಕ್ಕೊಂದು ಸ್ಟೀರಿಂಗ್ ಕ್ಲಚ್, ಕೊನೆಗೆ ಆಕ್ಸಲ್. ಈ ದಾರಿಯಲ್ಲಿ ಮೊದಲು ಸವೆಯುವುದು ಬೆಲ್ಟು, ಕ್ಲಚ್ ಪ್ಲೇಟು, ಆಯಿಲ್ ಸೀಲು, ಬೇರಿಂಗುಗಳಂಥ ಕಡಿಮೆ ಬೆಲೆಯ ಸಾಮಾನು. ಗೇರಿನ ಹಲ್ಲು ಹೋಗುವುದು ಸಾಮಾನ್ಯವಾಗಿ ಇವುಗಳನ್ನು ಬಹಳ ಕಾಲ ಅಲಕ್ಷಿಸಿದ ಮೇಲೆ.

ಕೆಲವನ್ನು ಇಂಜಿನ್ ನಿಲ್ಲಿಸಿ ನಾವೇ ನೋಡಬಹುದು. ಬೆಲ್ಟಿನ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದರ್ಥ. ವಿ-ಬೆಲ್ಟು ಹಿಡಿಯುವುದು ಪಕ್ಕದಿಂದ, ತಳದಿಂದಲ್ಲ. ಪುಲ್ಲಿಯ ಗಾಡಿಯ ತಳವೂ ಹೊಳೆಯುತ್ತಿದ್ದರೆ ಬೆಲ್ಟು ಅಥವಾ ಪುಲ್ಲಿ ಸವೆದು ಬೆಲ್ಟು ತಳ ಮುಟ್ಟುತ್ತಿದೆ; ಪುಲ್ಲಿಯೇ ಸವೆದಿದ್ದರೆ ಹೊಸ ಬೆಲ್ಟು ಹಾಕಿದರೂ ನಿಲ್ಲದು. ಬೆಲ್ಟು ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯದರ ಜೊತೆ ಒಂದೇ ಹೊಸದನ್ನು ಹಾಕಿದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ. ಕ್ಲಚ್ ಲಿವರಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಅದು ಇಲ್ಲದಿದ್ದರೆ ಕ್ಲಚ್ ಪೂರ್ತಿ ಹಿಡಿಯದೆ ಪ್ಲೇಟು ಸುಡುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಕೆಸರುಗದ್ದೆಯಲ್ಲಿ ಓಡಿಸುವವರು ಆಕ್ಸಲ್ ಸೀಲನ್ನು ಅನುಮಾನಿಸಬೇಕು. ಆಯಿಲ್ ಇಳಿಸಿದಾಗ ತಳದಲ್ಲಿ ನುಣ್ಣನೆಯ ಬೂದುಬಣ್ಣದ ಮಡ್ಡಿ ಸ್ವಲ್ಪ ಇದ್ದರೆ ಅದು ಸವಕಳಿ. ಕಬ್ಬಿಣದ ಚೂರು ಬಂದರೆ ಮಾತ್ರ ಗೇರ್ ಬಾಕ್ಸ್ ಬಿಚ್ಚುವ ಮಾತು.

ನಮ್ಮ ಮನೆಯ ಟಿಲ್ಲರಿಗೆ 14 ವರ್ಷ. ಒಂದೇ ವರ್ಷದಲ್ಲಿ ಎರಡು ಸಲ ಬೆಲ್ಟು ಬದಲಿಸಿದರೂ ಎಳೆಯಲಿಲ್ಲ. ಪೇಟೆಯ ಅಂಗಡಿಯವರು ಗೇರ್ ಬಾಕ್ಸ್ ಹೋಗಿದೆ, ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದರು. ಮುಂಗಡ ಕೊಡಲು ಹೊರಟಿದ್ದವನನ್ನು ನನ್ನ ಹೆಂಡತಿ ತಡೆದು, ಊರಿನ ಹಳೆಯ ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸಿ ಎಂದಳು. ಅವರು ಕ್ಲಚ್ ಪುಲ್ಲಿ ಕಳಚಿದಾಗ ಹಿಂದಿನ ಆಯಿಲ್ ಸೀಲು ಹರಿದಿತ್ತು. ಗೇರ್ ಆಯಿಲ್ ಜಿನುಗಿ, ಒಣಗಿರಬೇಕಾದ ಕ್ಲಚ್ ಪ್ಲೇಟುಗಳು ನೆನೆದಿದ್ದವು. ಗೇರುಗಳಿಗೆ ಏನೂ ಆಗಿರಲಿಲ್ಲ. ಸೀಲು, ಪ್ಲೇಟು, ಒಂದು ಬೇರಿಂಗು, ಕೂಲಿ ಸೇರಿ ಎರಡು ಬಟವಾಡೆಯ ಹಣದಲ್ಲಿ ಮುಗಿಯಿತು. ಮೂರು ಮಳೆಗಾಲ ಕಳೆದಿದೆ, ಇನ್ನೂ ಸೀಮೆಹುಲ್ಲು ಹೊರುತ್ತಿದೆ.

ಎಲ್ಲ ಟಿಲ್ಲರೂ ಉಳಿಯುತ್ತವೆ ಎಂದು ನಾನು ಹೇಳುವುದಿಲ್ಲ. ಗೇರ್ ಬಾಕ್ಸಿನ ಮೈಯೇ ಬಿರುಕು ಬಿಟ್ಟಿದ್ದರೆ, ಇಂಜಿನ್ನೂ ಜೊತೆಗೆ ಸವೆದಿದ್ದರೆ ದುಡ್ಡು ಸುರಿಯಬೇಡಿ. ವರ್ಷಕ್ಕೆ ನಾಲ್ಕಾರು ದಿನದ ಉಳುಮೆ ಮಾತ್ರ ಇರುವವರಿಗೆ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವುದೇ ಲೇಸು. ಆದರೆ ಆ ತೀರ್ಮಾನ ಬಿಚ್ಚಿ ನೋಡಿದ ಮೇಲೆ ಆಗಲಿ, ಮಾರುವವರ ಮಾತಿನ ಮೇಲೆ ಅಲ್ಲ.

"ಸಹಾಯಧನ ಸಿಗುತ್ತದಲ್ಲ, ಹೊಸದೇ ತೆಗೆದುಕೊಂಡರೇನು?" ಎನ್ನುವವರಿದ್ದಾರೆ. ಸಹಾಯಧನ ಒಳ್ಳೆಯದೇ. ಆದರೆ ಅದು ಬೆಲೆಯ ಒಂದು ಭಾಗ. ಉಳಿದದ್ದು ನಮ್ಮ ತಲೆಯ ಮೇಲೇ. ಬೆಂಗಳೂರಿನಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ವಿ.ಎಸ್.ಟಿ. ಕಂಪನಿ ಶುರುವಾದ ಮೇಲೆ ಟಿಲ್ಲರ್ ನಮ್ಮ ಊರುಗಳಿಗೆ ಬಂದು ದಶಕಗಳೇ ಆದವು. ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ನಮ್ಮ ತಾಲ್ಲೂಕುಗಳಲ್ಲೇ ಇವೆ. ಆದರೆ ಅವರಿಗೆ ವಯಸ್ಸಾಗುತ್ತಿದೆ, ಕಲಿಯುವ ಹುಡುಗರು ಕಡಿಮೆ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಕಾಲುಬಾಯಿ ಜ್ವರದ ಲಸಿಕೆಗೂ ಬರಡು ರಾಸುಗಳ ತಪಾಸಣೆಗೂ ಶಿಬಿರ ನಡೆಯುವಂತೆ, ಮುಂಗಾರಿಗೆ ಒಂದು ತಿಂಗಳ ಮೊದಲು ಪ್ರತಿ ಹೋಬಳಿಯಲ್ಲಿ ಒಂದು ದಿನ ಟಿಲ್ಲರ್ ತಪಾಸಣೆ ಶಿಬಿರ ಆಗಲಿ. ಇಬ್ಬರು ಅನುಭವಿ ಮೆಕ್ಯಾನಿಕ್‌ಗಳನ್ನು ಕರೆಸಿ, ಸದಸ್ಯರ ಮಕ್ಕಳಲ್ಲಿ ಆಸಕ್ತಿ ಇರುವವರನ್ನು ಜೊತೆಗೆ ನಿಲ್ಲಿಸಿ. ಏನು ಹೋಗಿದೆ, ಎಷ್ಟು ಖರ್ಚಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಡಲಿ. ಬಿಡಿಭಾಗದ ಹಣವನ್ನು ಸಂಘ ಮುಂಗಡವಾಗಿ ಕೊಟ್ಟು ನಾಲ್ಕಾರು ಬಟವಾಡೆಯಲ್ಲಿ ಹಿಡಿದುಕೊಳ್ಳಲಿ. ಪಶು ಆಹಾರದ ಹಣವನ್ನು ಹಾಗೆ ಹಿಡಿಯುವುದು ನಮಗೇನೂ ಹೊಸದಲ್ಲ.

ರಿಪೇರಿ ಮುಗಿದ ಮೇಲೆ ಬೆಲ್ಟಿನ ಕವರ್ ಹಾಕುವುದನ್ನು ಮಾತ್ರ ಮರೆಯಬೇಡಿ. ಸೀರೆಯ ಸೆರಗು, ಹೆಗಲ ಟವೆಲು ಸಿಕ್ಕಿಕೊಂಡರೆ ಕೈ ಉಳಿಯುವುದಿಲ್ಲ.

ಬರುವ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಸಂಘದಿಂದ ಈ ವಿಷಯ ಮಂಡಿಸಲಿದ್ದೇನೆ. ನಿಮ್ಮ ಸಂಘಗಳಲ್ಲೂ ಮಂಡಿಸಿ. ಅಲ್ಲಿಯವರೆಗೆ, ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಟಿಲ್ಲರನ್ನು ಗುಜರಿಯವರಿಗೆ ತೋರಿಸುವ ಮೊದಲು ಮೆಕ್ಯಾನಿಕ್ಕಿಗೆ ತೋರಿಸಿ.