ಕಡಲು ಬಲ್ಲವರ ಹಿಂದೆ ನಡೆಯೋಣ

ಇಡಗುಂದಿ, ವಜ್ರಳ್ಳಿ, ಮಾಗೋಡು ಸೀಮೆಯ ಪಾಲಕರಲ್ಲಿ, ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ವಿನಂತಿ.

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು. ಬಸ್ಸು ಅರಬೈಲ್ ಘಟ್ಟ ಇಳಿದು ಅಂಕೋಲೆ ದಾಟುತ್ತದೆ. ಗೋಕರ್ಣದಲ್ಲಿ ದೇವರ ದರ್ಶನ, ಮುರ್ಡೇಶ್ವರದಲ್ಲಿ ಫೋಟೊ, ನಡುವೆ ಎಲ್ಲೋ ಒಂದು ತಾಸು ನೀರಾಟ. ನಮ್ಮ ಕೋರಿಕೆ ಇಷ್ಟೇ: ಆ ಒಂದು ತಾಸಿನ ನೀರಾಟ ಬಿಡಿ. ಅದರ ಬದಲು ಅರ್ಧ ದಿನ ಕಡಲಂಚಿನಲ್ಲಿ ಮಕ್ಕಳನ್ನು ನಡೆಸಿ. ಅಲ್ಲೇ ಹುಟ್ಟಿ ಬೆಳೆದ ಖಾರ್ವಿ, ಅಂಬಿಗ, ಹಾಲಕ್ಕಿ ಸಮುದಾಯದ ಒಬ್ಬರನ್ನು ಮುಂದೆ ಬಿಟ್ಟುಕೊಂಡು ನಡೆಸಿ. ಅವರ ದಿನದ ಸಂಬಳವನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಿ.

ಘಟ್ಟದ ಮೇಲಿನ ನಮಗೆ ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ಕಡಲಿನ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಬೆಳಿಗ್ಗೆ ಒಣಗಿದ್ದ ಬಂಡೆಯ ದಾರಿ ಮಧ್ಯಾಹ್ನ ನೀರಿನಡಿ ಇರಬಹುದು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಹೋದರು. ಆ ಸುದ್ದಿ ಓದಿದ ರಾತ್ರಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಹಾಗೆಂದು ಪ್ರವಾಸವನ್ನೇ ನಿಲ್ಲಿಸಿದರೆ ಮಕ್ಕಳಿಗೆ ಕಡಲು ಎಂದಿಗೂ ಗೊತ್ತಾಗದು.

ಕಳೆದ ಜನವರಿಯಲ್ಲಿ ನಾವು ನಾಲ್ಕೈದು ಮನೆಯವರು ಹನ್ನೊಂದು ಮಕ್ಕಳನ್ನು ಕರೆದುಕೊಂಡು ಗೋಕರ್ಣದ ಕುಡ್ಲೆಯಿಂದ ಓಂ ತೀರದ ಕಡೆ ನಡೆದೆವು. ಮುಂದೆ ಖಾರ್ವಿ ಕೇರಿಯ ಹಿರಿಯರೊಬ್ಬರು. ಚಿರೆಕಲ್ಲಿನ ಗುಡ್ಡ ಇಳಿದ ಕೂಡಲೇ ಮಕ್ಕಳು ನೀರಿಗೆ ಓಡಹೊರಟರು. ಹಿರಿಯರು ಕೈ ಅಡ್ಡ ಹಿಡಿದು ಎಲ್ಲರನ್ನೂ ಒಂದು ಹೊಂಡದ ಪಕ್ಕ ಕೂರಿಸಿದರು. ಇಳಿತದಲ್ಲಿ ಬಂಡೆಯ ನಡುವೆ ಉಳಿದ ನೀರು, ಮೊಣಕಾಲುದ್ದವೂ ಇಲ್ಲ. ಸ್ವಲ್ಪ ಹೊತ್ತು ಯಾರೂ ಅಲುಗಾಡಲಿಲ್ಲ. ಮೊದಲು ಒಂದು ಶಂಖ ನಡೆಯತೊಡಗಿತು. ಒಳಗೆ ಏಡಿ ಮನೆ ಮಾಡಿತ್ತು. ಆಮೇಲೆ ಕಲ್ಲಿಗೆ ಅಂಟಿದ್ದ ಕೆಂಪು ಮುದ್ದೆಯೊಂದು ಮೆಲ್ಲಗೆ ಬಿಚ್ಚಿ ಎಸಳು ಹರಡಿತು. ಪುಟಾಣಿ ಸೀಗಡಿ ತಾಗಿದ್ದೇ ತಡ, ಎಸಳುಗಳು ಮುಚ್ಚಿಕೊಂಡವು. ಹೂವೆಂದು ನಾವಂದುಕೊಂಡದ್ದು ಬೇಟೆಯಾಡುವ ಪ್ರಾಣಿ! ಅಷ್ಟರಲ್ಲಿ ಒಬ್ಬ ಹುಡುಗ ಕಲ್ಲೊಂದನ್ನು ಮಗುಚಿದ. ಹಿರಿಯರು ಬೈಯಲಿಲ್ಲ. ಕಲ್ಲನ್ನು ಮೊದಲಿದ್ದ ಹಾಗೇ ಇಟ್ಟು, “ಮಗಾ, ನಿಮ್ಮನೆ ಹಂಚು ಕಿತ್ತು ಬಿಸಿಲಿಗೆ ಬಿಟ್ರೆ ನೀ ಎಲ್ಲಿ ಇರ್ತೆ?” ಎಂದರು. ಊರಿಗೆ ಬಂದ ಮೇಲೆ ಆ ಹುಡುಗ ನಮ್ಮ ಹಳ್ಳದಲ್ಲೂ ಕಲ್ಲು ಮಗುಚಿದರೆ ತಿರುಗಿಸಿಡುತ್ತಾನೆ.

ದೂರದಲ್ಲಿ ಡಾಲ್ಫಿನ್ ಬೆನ್ನು ಎರಡು ಸಲ ಕಂಡು ಮುಳುಗಿತು. ದೋಣಿ ಮಾಡಿ ಹತ್ತಿರ ಹೋಗೋಣವೇ ಎಂದು ಕೇಳಿದೆವು. ಇಂಜಿನ್ ದೋಣಿ ಬೆನ್ನಟ್ಟಿದರೆ ಅವು ಮೇಯುವುದನ್ನೇ ಬಿಟ್ಟು ಓಡುತ್ತವೆ, ಇಲ್ಲಿಂದಲೇ ನೋಡಿ ಎಂದರು ಹಿರಿಯರು.

ಕಡಲಾಮೆಯ ಮಾತೂ ಹೀಗೆಯೇ. ಹೊನ್ನಾವರದ ಕಾಸರಕೋಡು ಟೊಂಕದಿಂದ ಕಾರವಾರದ ದೇವಬಾಗದವರೆಗೆ ನಮ್ಮ ಜಿಲ್ಲೆಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ರಾತ್ರಿ ಹೊರಬಂದು, ಬೆಳಕು ಕಾಣುವ ಕಡೆಗೆ ಹರಿಯುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ನಾವು ಟಾರ್ಚ್, ಮೊಬೈಲ್ ಹಿಡಿದು ನಿಂತರೆ ಮರಿ ನಮ್ಮತ್ತ ಬರುತ್ತದೆ, ಕಡಲು ಹಿಂದೆ ಉಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಗಳಿಗೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ. ಆದರೆ ಮರಳಿನ ಮೇಲಿನ ಗೀರು ನೋಡಿ ಗೂಡು ಎಲ್ಲಿದೆ ಎಂದು ಹೇಳಿ ಮಕ್ಕಳ ಕಾಲನ್ನು ಪಕ್ಕಕ್ಕೆ ತಿರುಗಿಸುವವರು ತೀರದ ಜನ.

“ನಡೆಯುವುದಕ್ಕೂ ದುಡ್ಡು ಕೊಡಬೇಕೆ? ಕಡಲು ಎಲ್ಲರದಲ್ಲವೇ?” ಎಂದು ಕೆಲವರು ಕೇಳಿದ್ದಾರೆ. ನಮ್ಮ ಮಾಗೋಡು ಜಲಪಾತಕ್ಕೆ ಬಂದ ಪರಊರಿನವರು ಬೇಲಿ ದಾಟಿ ಕಣಿವೆಯ ಅಂಚಿಗೆ ಇಳಿಯಹೊರಟರೆ ನಮ್ಮ ಜೀವ ಬಾಯಿಗೆ ಬರುತ್ತದೆ. ಯಾವ ಕಲ್ಲು ಜಾರುತ್ತದೆ, ಯಾವ ತಿಂಗಳು ಹೋಗಬಾರದು ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕಡಲಿನ ಹತ್ತಿರ ನಾವೇ ಆ ಪರಊರಿನವರು. ತಲೆಮಾರುಗಳಿಂದ ಬಂದ ತಿಳಿವಳಿಕೆಗೆ ಕೊಡುವ ದುಡ್ಡು ದಂಡವಲ್ಲ, ಅದು ದುಡಿಮೆಯ ಕೂಲಿ. ಆ ಕೂಲಿ ತೀರದ ಮನೆಗೆ ಹೋದರೆ ಆಮೆಗೂಡು ಕಾಯುವುದಕ್ಕೂ ಅಲ್ಲಿ ಒಂದು ಕೈ ಸಿಗುತ್ತದೆ.

ಮಾಗೋಡಿನಲ್ಲಿ ಧುಮುಕುವ ನಮ್ಮ ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಗೋಕರ್ಣದ ಉತ್ತರಕ್ಕೆ ಕಡಲು ಸೇರುತ್ತದೆ. ಶಿರಸಿಯಲ್ಲಿ ಹುಟ್ಟಿ ಸಿದ್ದಾಪುರದ ಉಂಚಳ್ಳಿಯಲ್ಲಿ ಬೀಳುವ ಅಘನಾಶಿನಿ ದಕ್ಷಿಣಕ್ಕೆ ಸೇರುತ್ತದೆ. ಬಳಚು ಆಯುವ ಸಾವಿರಾರು ಜನರ ಅನ್ನವಾದ ಅದರ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ತೋಟದ ನೀರು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಮಕ್ಕಳು ಕಾಲಿಟ್ಟು ನೋಡಲಿ.

ಪ್ರವಾಸದ ದಿನ ಗೊತ್ತುಮಾಡುವ ಮೊದಲು ಇಳಿತದ ಹೊತ್ತು ಕೇಳಿಕೊಳ್ಳಿ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಮಾರ್ಗದರ್ಶಿ ಇರಲಿ. ಅವರು ‘ಇಲ್ಲಿಗೆ ಸಾಕು’ ಎಂದಲ್ಲಿ ಶಿಕ್ಷಕರೂ ನಿಲ್ಲಲಿ. ಮಳೆಗಾಲದಲ್ಲಿ ಈ ನಡಿಗೆ ಬೇಡವೇ ಬೇಡ. ಮುಂದಿನ ಪಾಲಕರ ಸಭೆಯಲ್ಲಿ ಈ ವಿಷಯ ಎತ್ತಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.

— ಇಡಗುಂದಿ ಸೀಮೆಯ ಕೆಲವು ಪಾಲಕರು