ಎರವಲು ಪಿಟೀಲು, ಸ್ವಂತ ಸಾಧನೆ

ಮಕ್ಕಳಿಗೆ ಸಂಗೀತ ಕಲಿಸಬೇಕೆಂಬ ಹಂಬಲ ನಮ್ಮ ಅನೇಕ ಕುಟುಂಬಗಳಲ್ಲಿದೆ. ಆದರೆ ಕಲಿಕೆ ಆರಂಭವಾಗಿ ಎರಡು ವರ್ಷ ಕಳೆಯುವುದರೊಳಗೆ ಹೆತ್ತವರು ಕೇಳುವ ಪ್ರಶ್ನೆ ಒಂದೇ: ಮಗುವಿಗೆ ಬಹುಮಾನ ಯಾವಾಗ? ಹೀಗೆ ಕೇಳುವವರು ಪಿಟೀಲುವಾದಕ ಆಗಸ್ಟಿನ್ ಹಾಡೆಲಿಖ್ ಅವರ ಬದುಕನ್ನು ಒಮ್ಮೆ ಅವಲೋಕಿಸುವುದು ಒಳಿತು.

ಅವರು 1984ರಲ್ಲಿ ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಜರ್ಮನ್ ದಂಪತಿಗಳ ಮಗನಾಗಿ ಜನಿಸಿದರು. ಬೆಳೆದುದು ಮಹಾನಗರದಲ್ಲಲ್ಲ, ಹೊಲತೋಟಗಳ ನಡುವೆ. ತಂದೆ ಹವ್ಯಾಸಕ್ಕಾಗಿ ಚೆಲ್ಲೊ ನುಡಿಸುತ್ತಿದ್ದವರು. ಮಗನಿಗೆ ಮೊದಲ ಪಾಠ ಹೇಳಿದವರೂ ಅವರೇ. ಬಾಲಕನ ಪ್ರತಿಭೆ ಬೇಗನೆ ಬೆಳಕಿಗೆ ಬಂದಿತು.

1999ರಲ್ಲಿ, ಹದಿನೈದರ ಹರೆಯದಲ್ಲಿ, ಮನೆಯ ತೋಟದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಅವರ ಮುಖ, ಮೇಲ್ದೇಹ ಹಾಗೂ ಕಮಾನು ಹಿಡಿಯುವ ಕೈ ತೀವ್ರವಾಗಿ ಸುಟ್ಟವು. ವಿಮಾನದಲ್ಲಿ ಜರ್ಮನಿಯ ಆಸ್ಪತ್ರೆಗೆ ಸಾಗಿಸಬೇಕಾಯಿತು. ಪಿಟೀಲಿನಲ್ಲಿ ಎಡಗೈ ಸ್ವರಸ್ಥಾನವನ್ನು ಹುಡುಕಿದರೆ, ಆ ಸ್ವರಕ್ಕೆ ಉಸಿರು ನೀಡುವುದು ಬಲಗೈಯ ಕಮಾನು. ಆ ಕೈಯೇ ಗಾಯಗೊಂಡಾಗ ಹುಡುಗ ಮತ್ತೆ ನುಡಿಸುವನೇ ಎಂಬ ಶಂಕೆ ಮೂಡಿದ್ದು ಸಹಜ. ಅವರು ಮತ್ತೆ ನುಡಿಸಿದರು. ನೋವು ಕಲಾವಿದನನ್ನು ಸೃಷ್ಟಿಸಿತೆಂದು ಯಾರೂ ಭಾವಿಸದಿರಲಿ. ಅನಾಹುತಕ್ಕೆ ಮುಂಚೆಯೇ ಸುಮಾರು ಹತ್ತು ವರ್ಷಗಳ ನಿತ್ಯಾಭ್ಯಾಸ ಅವರಲ್ಲಿ ಬೇರೂರಿತ್ತು. ಮರಳಿ ಚಿಗುರಲು ಬೇರೊಂದು ಉಳಿದಿತ್ತು.

ಮುಂದೆ ಅವರು ಅಮೆರಿಕಕ್ಕೆ ತೆರಳಿ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಜೋಯೆಲ್ ಸ್ಮಿರ್ನಾಫ್ ಅವರಲ್ಲಿ ಕಲಿತರು. 2006ರಲ್ಲಿ ಇಂಡಿಯಾನಾಪೊಲಿಸ್ ಅಂತರರಾಷ್ಟ್ರೀಯ ಪಿಟೀಲು ಸ್ಪರ್ಧೆಯ ಸ್ವರ್ಣಪದಕ ಗಳಿಸಿದರು. ಪದಕದೊಡನೆ ಸ್ಟ್ರಾಡಿವಾರಿ 1683ರಲ್ಲಿ ರಚಿಸಿದ ಪಿಟೀಲೊಂದು ಅವರ ಕೈಸೇರಿತು. ಅದು ಉಡುಗೊರೆಯಲ್ಲ, ನಾಲ್ಕು ವರ್ಷಗಳ ಎರವಲು. ಸ್ಪರ್ಧೆ ನಾಲ್ಕು ವರ್ಷಗಳಿಗೊಮ್ಮೆ ನಡೆಯುವುದರಿಂದ ಮುಂದಿನ ವಿಜೇತರಿಗಾಗಿ ಅದನ್ನು ಹಿಂದಿರುಗಿಸಲೇಬೇಕು.

ಪರದೇಶದಲ್ಲಿ ನೆಲೆ ಕಂಡುಕೊಳ್ಳಬಯಸುವ ತರುಣ ವಾದಕನ ಸ್ಥಿತಿಯೇ ಇದು. ಹಳೆಯ ಇಟಾಲಿಯನ್ ಪಿಟೀಲುಗಳ ಬೆಲೆ ಹಲವು ಕೋಟಿ ರೂಪಾಯಿಗಳಾಗಿರುವುದರಿಂದ ಬಹುತೇಕ ಕಲಾವಿದರು ಅವನ್ನು ಕೊಳ್ಳಲಾರರು. ಸಂಸ್ಥೆಗಳೂ ಸಂಗ್ರಾಹಕರೂ ಎರವಲು ನೀಡುತ್ತಾರೆ. ಹಾಡೆಲಿಖ್ ಮುಂದೆ ನುಡಿಸಿದ 1723ರ ಸ್ಟ್ರಾಡಿವಾರಿ ಪಿಟೀಲೂ, ತರುವಾಯ ಕೈಗೆತ್ತಿಕೊಂಡ 1744ರ ಗ್ವಾರ್ನೇರಿ ಪಿಟೀಲೂ ಎರವಲಿನವೇ. ವಾದ್ಯ ಬದಲಾದಾಗಲೆಲ್ಲ ಕೈ ಹೊಸದಾಗಿ ಪಳಗಬೇಕು, ಕಿವಿ ಹೊಸ ದನಿಯನ್ನು ಅರಿಯಬೇಕು.

2014ರಲ್ಲಿ ಅವರು ಅಮೆರಿಕದ ಪೌರತ್ವ ಪಡೆದರು. ಫ್ರೆಂಚ್ ಸಂಯೋಜಕ ಆನ್ರಿ ದ್ಯುತಿಯೊ ಅವರ ಕೃತಿಯೊಂದನ್ನು ಸಿಯಾಟಲ್ ವಾದ್ಯವೃಂದದೊಡನೆ ನುಡಿಸಿದ ಧ್ವನಿಮುದ್ರಣಕ್ಕೆ 2016ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿತು. 2021ರಲ್ಲಿ ಯೇಲ್ ಸಂಗೀತ ಶಾಲೆಯ ಅಧ್ಯಾಪಕರಾದರು. ತಂದೆಯಿಂದ ಪಡೆದುದನ್ನು ತರುಣರಿಗೆ ಹಂಚುವ ಕಾಯಕ ಹೀಗೆ ಮುಂದುವರಿಯಿತು.

ಹೆತ್ತವರು ಮನಗಾಣಬೇಕಾದುದು ಇಷ್ಟೇ. ಪದಕದ ಜೊತೆಗೆ ಬಂದ ಪಿಟೀಲು ನಾಲ್ಕು ವರ್ಷಗಳಲ್ಲಿ ಮರಳಿ ಹೋಯಿತು. ಹಳ್ಳಿಯ ಮನೆಯಲ್ಲಿ ತಂದೆ ಹೇಳಿಕೊಟ್ಟ ಪಾಠ ಬೆಂಕಿಯಲ್ಲೂ ಉರಿದುಹೋಗಲಿಲ್ಲ. ನಮ್ಮ ಮಕ್ಕಳೆಲ್ಲರೂ ವಿಶ್ವವಿಖ್ಯಾತರಾಗಲಾರರು, ಆಗಬೇಕಾದ ಅಗತ್ಯವೂ ಇಲ್ಲ. ಆದರೆ ಸಂಜೆ ಮಗು ಅಭ್ಯಾಸಕ್ಕೆ ಕುಳಿತಾಗ ದೂರದರ್ಶನದ ಸದ್ದಡಗಿಸಿ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಆಲಿಸುವುದು ಯಾವ ಮನೆಗೂ ಅಸಾಧ್ಯವಲ್ಲ. ಬಹುಮಾನದ ಪ್ರಶ್ನೆಯನ್ನು ಬದಿಗಿರಿಸಿ, ಇಂದು ಏನು ಕಲಿತೆ ಎಂದು ಕೇಳೋಣ. ಮಗುವಿನ ಬಳಿ ಕೊನೆಯವರೆಗೂ ಉಳಿಯುವುದು ಆ ಕಲಿಕೆಯೇ.